ಸಾಸಿವೆ ಕೇಳುತ್ತ ಬಂದ ತಾಯಿಗೆ ಬಾಗಿಲು ತೆರೆಯೋಣ



*ಇಂದಿನ ಧಮ್ಮ ಚಿಂತನೆ*
ನಮ್ಮ ಬೌದ್ಧ ಅಧ್ಯಯನ ಬಳಗದಿಂದ, ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಎಲ್ಲ ಉಪಾಸಕ ಉಪಾಸಿಕೆಯರಿಗೆ



ನಮ್ಮ ಬಳಗಕ್ಕೆ ಈ ವಾರ ಒಂದು ಪ್ರಶ್ನೆ ಬಂದಿದೆ. ಕೇಳಿದವಳು ಜೇವರ್ಗಿ ಕಡೆಯ ಒಂದು ಹಳ್ಳಿಯ ಸೊಸೆ. ಹೆಸರು ಬೇಡ ಅಂದಿದ್ದಾಳೆ. ಅವಳ ಮಾತು ಹೀಗಿದೆ:

"ಸಿಸ್ಟರ, ನನಗ ಎರಡು ಸಲ ಹೊಟ್ಟಿ ನಿಲ್ಲಲಿಲ್ರಿ. ಒಂದು ಎರಡೂವರಿ ತಿಂಗಳಿಗೆ ಹೋತು, ಇನ್ನೊಂದು ನಾಕನೇ ತಿಂಗಳದಾಗ. ಹಿಂದಿನ ಜನ್ಮದ ಪಾಪ ಅಂತ ಮನ್ಯಾಗ ಅಂತಾರ. ನಾವು ದೀಕ್ಷಾ ತಗೊಂಡ ಮಂದಿ. ನಮ್ಮ ಧಮ್ಮದಾಗ ಇದಕ್ಕ ಏನ್ ಹೇಳ್ಯಾರ್ರಿ?"

ನನ್ನನ್ನು ಸಿಸ್ಟರ ಅಂತ ಕರೆಯುವುದು ಹಳೆಯ ರೂಢಿ. ಈ ಮೂರೂ ತಾಲೂಕುಗಳ ಉಪಕೇಂದ್ರಗಳಲ್ಲಿ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಇಂಥ ಪ್ರಶ್ನೆ ನನಗೆ ಹೊಸದಲ್ಲ. ಮೊದಲೆಲ್ಲ ಹೆಣ್ಣುಮಕ್ಕಳು ಇದನ್ನು ನನ್ನ ಕಿವಿಯ ಹತ್ತಿರ ಬಂದು, ಆ ಕಡೆ ಈ ಕಡೆ ನೋಡಿ ಕೇಳುತ್ತಿದ್ದರು. ಈಗ ಒಬ್ಬಳು ಬಳಗದ ಮುಂದೆ ಇಟ್ಟಿದ್ದಾಳೆ. ಆದ್ದರಿಂದ ಉತ್ತರವನ್ನೂ ಎಲ್ಲರ ಮುಂದೆಯೇ ಕೊಡುತ್ತೇನೆ.

ತಂಗೀ, ಇದರಲ್ಲಿ ನಿನ್ನ ಪಾಪ ಏನೂ ಇಲ್ಲ. ವೈದ್ಯಶಾಸ್ತ್ರವೂ ಹಾಗೇ ಹೇಳುತ್ತದೆ, ಧಮ್ಮವೂ ಹಾಗೇ ಹೇಳುತ್ತದೆ. ಒಂದೊಂದಾಗಿ ನೋಡೋಣ.

*1. ದೇಹದ ಸತ್ಯ*

ಕಾರಣ ಇದ್ದಲ್ಲಿ ಕಾರ್ಯ ಇರುತ್ತದೆ, ಇದು ಬುದ್ಧರ ಬೋಧನೆಯ ಬುನಾದಿ. ಹಾಗಾದರೆ ಗರ್ಭ ನಿಲ್ಲದಿರುವುದಕ್ಕೆ ಕಾರಣ ಏನು?

ಬಸಿರು ನಿಂತದ್ದು ಗೊತ್ತಾದ ಮೇಲೆ ಪ್ರತಿ 100 ಬಸುರಿಯರಲ್ಲಿ 10ರಿಂದ 15 ಮಂದಿಗೆ ಗರ್ಭಸ್ರಾವ ಆಗುತ್ತದೆ. ಇದು ನಮ್ಮ ಊರಿನ ಲೆಕ್ಕ ಮಾತ್ರ ಅಲ್ಲ. ಮುಂಬೈಯಲ್ಲಿಯೂ ಹೀಗೇ, ಲಂಡನ್ನಿನಲ್ಲಿಯೂ ಹೀಗೇ. ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಆಗುತ್ತವೆ. ಹಾಗೆ ಬೇಗ ಹೋದವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ಕ್ರೋಮೋಸೋಮ್‌ಗಳ ಏರುಪೇರು. ಕ್ರೋಮೋಸೋಮ್ ಅಂದರೆ ನಮ್ಮ ದೇಹದ ಪ್ರತಿ ಕಣದಲ್ಲಿರುವ ದಾರದಂಥ ಎಳೆ. ತಾಯಿಯಿಂದ 23, ತಂದೆಯಿಂದ 23, ಒಟ್ಟು 46 ಬರಬೇಕು. ಕೂಡುವ ಹೊತ್ತಿನಲ್ಲಿ ಒಂದು ಹೆಚ್ಚೋ ಒಂದು ಕಡಿಮೆಯೋ ಆದರೆ ಹೆಚ್ಚಿನ ಸಲ ಆ ಪಿಂಡ ಬೆಳೆಯಲಾರದು. ಅದನ್ನು ಯಾರೂ ಬೇಕಂತ ಮಾಡುವುದಿಲ್ಲ, ಯಾರೂ ತಡೆಯಲಿಕ್ಕೂ ಆಗುವುದಿಲ್ಲ.

ನಮ್ಮದು ತೊಗರಿಯ ನಾಡು. ಬಿತ್ತಿದ ಕಾಳೆಲ್ಲ ಮೊಳೆಯುವುದಿಲ್ಲ ಅಂತ ನಮ್ಮ ಮನೆಯ ಸಣ್ಣ ಹುಡುಗನಿಗೂ ಗೊತ್ತು. ಹಾಗಂತ ಯಾವ ರೈತನೂ ಹೊಲದ ಮುಂದೆ ನಿಂತು, ನೀನು ಹಿಂದಿನ ಜನ್ಮದಾಗ ಏನು ಮಾಡಿದ್ದಿ ಅಂತ ಕೇಳುವುದಿಲ್ಲ. ಹೊಲಕ್ಕೆ ಕೇಳದ ಮಾತನ್ನು ಸೊಸೆಗೆ ಕೇಳುತ್ತೇವೆ.

ಉಳಿದ ಕಾರಣಗಳೂ ಇವೆ. ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಥೈರಾಯ್ಡ್, ಸೋಂಕು, ಗರ್ಭಕೋಶದ ರಚನೆಯಲ್ಲಿನ ತೊಂದರೆ, ತಂಬಾಕು. ನಾಲ್ಕು ಐದು ತಿಂಗಳಿಗೆ ಹೋಗುವ ಬಸಿರಿನಲ್ಲಿ ಕೆಲವೊಮ್ಮೆ ಗರ್ಭಕೋಶದ ಬಾಯಿ ಸಡಿಲ ಇರುತ್ತದೆ. ಅಂಥವರಿಗೆ ಮುಂದಿನ ಸಲ ವೈದ್ಯರು ಹೊಲಿಗೆ ಹಾಕಿ ಕಾಪಾಡಲು ನೋಡುತ್ತಾರೆ. ಇವೆಲ್ಲ ಪರೀಕ್ಷೆ ಮಾಡಿ ತಿಳಿಯುವ ಸಂಗತಿಗಳು. ದೇವರು ಕೇಳಿಸಿದರೆ ತಿಳಿಯುವಂಥವಲ್ಲ.

ಇನ್ನು ಹೆಣ್ಣುಮಕ್ಕಳು ತಮ್ಮ ಮೇಲೆ ತಾವೇ ಹಾಕಿಕೊಳ್ಳುವ ಗುಮಾನಿಗಳು. ಪಪ್ಪಾಯಿ ಒಂದು ಹೋಳು ತಿಂದಿದ್ದೆ, ಗ್ರಹಣದ ದಿನ ಹೊರಗೆ ಬಂದಿದ್ದೆ, ಗಂಡನ ಗಾಡಿ ಮೇಲೆ ಸಂತೆಗೆ ಹೋಗಿದ್ದೆ, ಮನೆಯವರ ಜೊತೆ ಜಗಳಾಡಿ ಅತ್ತಿದ್ದೆ. ತಂಗಿಯರೇ, ಇವುಗಳಿಂದ ಗರ್ಭ ಹೋಗುವುದಿಲ್ಲ. ಆ ಗುಮಾನಿಗಳನ್ನು ಇವತ್ತೇ ಇಳಿಸಿಬಿಡಿ.

*2. ಕರ್ಮದ ಮಾತು*

ಈಗ ಮನೆಯವರು ಆಡಿದ ಮಾತಿಗೆ ಬರೋಣ. ಎಲ್ಲ ಸುಖ ದುಃಖ ಹಿಂದಿನ ಕರ್ಮದಿಂದಲೇ ಬರುತ್ತದೆಯೆ?

ಈ ಪ್ರಶ್ನೆಯನ್ನು ಬುದ್ಧರಿಗೇ ನೇರವಾಗಿ ಕೇಳಿದವನೊಬ್ಬ ಇದ್ದಾನೆ. ಅವನ ಹೆಸರು ಮೋಳಿಯ ಸೀವಕ, ಒಬ್ಬ ಪರಿವ್ರಾಜಕ. ಸಂಯುತ್ತ ನಿಕಾಯದ ವೇದನಾ ಸಂಯುತ್ತದಲ್ಲಿ ಆ ಸಂವಾದ ಬರುತ್ತದೆ. ಬುದ್ಧರು ಅವನಿಗೆ ಲೆಕ್ಕ ಹಾಕಿ ಹೇಳಿದರು. ನೋವು ಪಿತ್ತದಿಂದ ಬರಬಹುದು, ಕಫದಿಂದ ಬರಬಹುದು, ವಾತದಿಂದ ಬರಬಹುದು, ಈ ಮೂರೂ ಕೂಡಿ ಬರಬಹುದು, ಋತು ಬದಲಾದದ್ದರಿಂದ ಬರಬಹುದು, ಸರಿಯಾದ ಆರೈಕೆ ಇಲ್ಲದ್ದರಿಂದ ಬರಬಹುದು, ಹೊರಗಿನ ಪೆಟ್ಟಿನಿಂದ ಬರಬಹುದು, ಕರ್ಮದ ಫಲವಾಗಿಯೂ ಬರಬಹುದು. ಎಂಟರಲ್ಲಿ ಅದೂ ಒಂದು. ಎಲ್ಲವೂ ಹಿಂದೆ ಮಾಡಿದ್ದರ ಫಲವೇ ಅನ್ನುವವರು ತಮಗೆ ಗೊತ್ತಿರುವುದನ್ನೂ ಮೀರಿ, ಲೋಕಕ್ಕೆ ಗೊತ್ತಿರುವುದನ್ನೂ ಮೀರಿ ಮಾತಾಡುತ್ತಾರೆ, ಅದು ತಪ್ಪು ಅಂತ ಬುದ್ಧರು ಅವನಿಗೆ ಬಿಡಿಸಿ ಹೇಳಿದರು.

ಎರಡೂವರೆ ಸಾವಿರ ವರ್ಷದ ಹಿಂದಿನ ವೈದ್ಯದ ಭಾಷೆ ಅದು. ಇವತ್ತಿನ ವೈದ್ಯರ ಭಾಷೆ ಬೇರೆ. ಆದರೆ ದಾರಿ ಅದೇ: ನೋವಿಗೆ ಕಾರಣ ಹುಡುಕು, ಹುಡುಕುವ ಮೊದಲೇ ಪಾಪದ ಪಟ್ಟ ಕಟ್ಟಬೇಡ.

ಬಾಬಾಸಾಹೇಬರು "ಬುದ್ಧ ಮತ್ತು ಆತನ ಧಮ್ಮ" ಗ್ರಂಥದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಿಂದಿನ ಜನ್ಮದ ಕರ್ಮ ಅನ್ನುವ ಸಿದ್ಧಾಂತದಿಂದ ಯಾರಿಗೆ ಲಾಭ ಅಂತ ಕೇಳಿದರು. ಬಡವರ, ಕೆಳಗೆ ತುಳಿಯಲ್ಪಟ್ಟವರ ಸ್ಥಿತಿಗೆ ಸಮಾಜವೂ ಸರ್ಕಾರವೂ ಹೊಣೆ ಹೊರದೆ ತಪ್ಪಿಸಿಕೊಳ್ಳಲು ಅದು ಅನುಕೂಲ ಮಾಡಿಕೊಡುತ್ತದೆ ಅಂತ ತೋರಿಸಿದರು. ಇದನ್ನು ನಮ್ಮ ಮನೆಯ ಮಟ್ಟಿಗೆ ಇಳಿಸಿ ನೋಡಿ. ಸೊಸೆಯ ಹಿಂದಿನ ಜನ್ಮದ ಪಾಪ ಅಂದುಬಿಟ್ಟರೆ, ಅವಳಿಗೆ ರಕ್ತ ಎಷ್ಟಿದೆ ಅಂತ ಯಾರೂ ನೋಡಬೇಕಾಗಿಲ್ಲ. ಕಬ್ಬಿಣದ ಗುಳಿಗೆ ನುಂಗಿದಳೋ ಇಲ್ಲವೋ ಕೇಳಬೇಕಾಗಿಲ್ಲ. ಗಂಡ ತಪಾಸಣೆಗೆ ಬರಬೇಕಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಇದು ಯಾರ ಜನ್ಮದ ಪಾಪ? ತಾನು ಕೊನೆಗೆ ಉಣ್ಣುವ ಹೆಣ್ಣುಮಗಳ ತಾಟಿನ ಲೆಕ್ಕ ಇದು.

ನಮ್ಮ ಜಾತಿಯನ್ನು ಕರ್ಮ ಅಂದವರ ಮಾತನ್ನು ನಾವು ಒಪ್ಪಲಿಲ್ಲ. ಅದಕ್ಕೇ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ನಮ್ಮ ಹಿರಿಯರು ಹೊಸ ದಾರಿ ಹಿಡಿದರು. ಹೊರಗಿನವರು ನಮಗೆ ಆಡಿದ ಮಾತನ್ನು ಮನೆಯೊಳಗೆ ನಾವೇ ನಮ್ಮ ಹೆಣ್ಣುಮಗಳಿಗೆ ಆಡಿದರೆ, ದೀಕ್ಷೆ ಹೊಸ್ತಿಲಿನ ಹೊರಗೇ ನಿಂತ ಹಾಗೆ.

*3. ಸಾಸಿವೆ ಕಾಳು*

ಕಿಸಾ ಗೋತಮಿಯ ಕಥೆ ನಿಮಗೆಲ್ಲ ಗೊತ್ತು. ಕೂಸು ಸತ್ತಿತ್ತು, ಅದನ್ನು ಎತ್ತಿಕೊಂಡು ಔಷಧಿ ಕೇಳುತ್ತ ತಿರುಗಿದಳು. ಸಾವು ಕಾಣದ ಮನೆಯಿಂದ ಸಾಸಿವೆ ತಾ ಅಂದರು ಬುದ್ಧರು. ಶ್ರಾವಸ್ತಿಯ ಯಾವ ಮನೆಯಲ್ಲಿಯೂ ಅಂಥ ಸಾಸಿವೆ ಸಿಗಲಿಲ್ಲ.

ಈ ಕಥೆಯನ್ನು ನಾವು ಬಹಳ ಸಲ ಅರ್ಧಕ್ಕೇ ಹೇಳುತ್ತೇವೆ. ಎಲ್ಲರೂ ಸಾಯುತ್ತಾರೆ, ಅದಕ್ಕೆ ಅಳಬ್ಯಾಡ ಅಂತ ಮುಗಿಸಿಬಿಡುತ್ತೇವೆ. ಬುದ್ಧರು ಹಾಗೆ ಹೇಳಲೇ ಇಲ್ಲ. ಅಳಬೇಡ ಅನ್ನಲಿಲ್ಲ, ನಿನಗೆ ಹುಚ್ಚು ಹಿಡಿದಿದೆ ಅನ್ನಲಿಲ್ಲ, ಕೂಸನ್ನು ಕಸಿದು ಇಡಿ ಅನ್ನಲಿಲ್ಲ. ಅವಳನ್ನು ಜನರ ಮನೆಗೆ ಕಳಿಸಿದರು. ಒಂದೊಂದು ಮನೆಯ ಬಾಗಿಲೂ ತೆರೆಯಿತು. ಒಂದೊಂದು ಮನೆಯವರೂ ತಮ್ಮ ಮನೆಯ ಸಾವನ್ನು ಅವಳಿಗೆ ಹೇಳಿದರು. ನಮ್ಮ ಮಗ ಹೋದ, ನಮ್ಮ ಅಪ್ಪ ಹೋದ, ನಮ್ಮ ಹಿರಿಯಳು ಹೋದಳು. ಹಾಗೆ ಕೇಳುತ್ತ ಕೇಳುತ್ತ, ತಾನೊಬ್ಬಳೇ ಅಲ್ಲ ಅಂತ ಅವಳಿಗೆ ತಿಳಿಯಿತು. ಸಾಸಿವೆ ಸಿಗಲಿಲ್ಲ, ಮನೆ ಮನೆಯ ಮಾತು ಸಿಕ್ಕಿತು. ಆಮೇಲೆ ಅವಳು ತಾನೇ ಕೂಸನ್ನು ಕೆಳಗಿಳಿಸಿದಳು. ಮುಂದೆ ಅವಳೇ ಥೇರಿಯಾದಳು. ಒರಟು ಚೀವರ ಉಡುವವರಲ್ಲಿ ಅಗ್ರಗಣ್ಯೆ ಅಂತ ಬುದ್ಧರಿಂದ ಕರೆಸಿಕೊಂಡಳು.

ಇವತ್ತು ಒಬ್ಬ ಕಿಸಾ ಗೋತಮಿ ನಮ್ಮ ಓಣಿಗೆ ಬಂದು, ಬಸಿರು ಹೋಗದ ಮನೆಯಿಂದ ಒಂದು ಹಿಡಿ ಸಾಸಿವೆ ಕೊಡ್ರೆವ್ವಾ ಅಂತ ಕೇಳಿದರೆ ಏನಾಗುತ್ತದೆ? ನಾನು ಮನೆ ಮನೆ ತಿರುಗಿದವಳು, ನನಗೆ ಗೊತ್ತು. ಮುಪ್ಪಿನ ಅವ್ವಂದಿರಿಂದ ಹಿಡಿದು ಹೊಸ ಸೊಸೆಯಂದಿರ ತನಕ ಲೆಕ್ಕ ಹಾಕಿದರೆ, ಒಂದೂ ಹೋಗದ ಮನೆ ಸಿಗುವುದು ಕಷ್ಟ. ಆದರೆ ಯಾರೂ ಬಾಗಿಲು ತೆರೆಯುವುದಿಲ್ಲ. ಸತ್ತ ಮಗನ ಹೆಸರು ಹೇಳುತ್ತಾರೆ. ಹುಟ್ಟದೆ ಹೋದದ್ದನ್ನು ಹೇಳುವುದಿಲ್ಲ. ಅದಕ್ಕೆ ಹೆಸರಿಲ್ಲ, ಫೋಟೋ ಇಲ್ಲ, ಮೂರನೇ ದಿನದ ಕಾರ್ಯ ಇಲ್ಲ. ಅದನ್ನು ಹೊತ್ತವಳೊಬ್ಬಳೇ ಅದನ್ನು ಬಲ್ಲವಳು.

ನನಗೂ ಮೊದಲನೆಯ ಬಸಿರು ಮೂರನೇ ತಿಂಗಳಿಗೆ ಹೋಯಿತು. ಆಗ ನನ್ನ ಅತ್ತೆ ಒಂದು ತಂಬಿಗೆ ಬಿಸಿನೀರು ತಂದಿಟ್ಟು, ನನ್ನ ಕಾಲ ಹತ್ತಿರ ಕೂತು, "ನನಗೂ ಎರಡು ಹೋಗ್ಯಾವವ್ವ. ಯಾರ ಮುಂದೂ ಅಂದಿಲ್ಲ, ನಿನ್ನ ಮುಂದ ಅಂದೀನಿ" ಅಂದರು. ಅಕ್ಷರ ಬಾರದ ಹೆಣ್ಣುಮಗಳು. ತ್ರಿಪಿಟಕದ ಹೆಸರನ್ನೂ ಕೇಳಿದವರಲ್ಲ. ಆದರೆ ಶ್ರಾವಸ್ತಿಯ ಆ ಮನೆಗಳವರು ಮಾಡಿದ ಕೆಲಸವನ್ನೇ ಅವರು ಮಾಡಿದರು.

ಹಿರಿಯ ಉಪಾಸಿಕೆಯರೇ, ಇದನ್ನು ನಿಮಗೆ ಅಂತಲೇ ಬರೆದಿದ್ದೇನೆ. ನಿಮ್ಮ ಆ ಒಂದು ಮಾತು ಒಬ್ಬ ಸೊಸೆಯ ಜೀವ ಉಳಿಸುತ್ತದೆ.

*4. ಮಾತಾ ರಮಾಯಿಯ ಮಡಿಲು*

ಬಾಬಾಸಾಹೇಬರ ಮನೆಗೂ ಈ ದುಃಖ ಬಂದಿತ್ತು. ಗಂಗಾಧರ, ರಮೇಶ, ಇಂದು, ರಾಜರತ್ನ, ಈ ನಾಲ್ವರು ಮಕ್ಕಳೂ ಎಳವೆಯಲ್ಲೇ ಹೋದರು. ಉಳಿದವರು ಯಶವಂತ ಒಬ್ಬರೇ. ಬಾಬಾಸಾಹೇಬರು ಓದಿಗೆಂದು ಪರದೇಶದಲ್ಲಿದ್ದ ವರ್ಷಗಳಲ್ಲಿ ಮುಂಬೈಯ ಚಾಳಿನಲ್ಲಿ ಬಡತನದ ಭಾರ ಹೊತ್ತವರು ರಮಾಯಿ. ಹುಟ್ಟಿದ ಕೂಸು ಹೋಗುವುದು ಬೇರೆ, ಬಸಿರಲ್ಲೇ ಹೋಗುವುದು ಬೇರೆ. ಆದರೆ ಬರಿದಾದ ಮಡಿಲು ಏನೆಂದು ಆ ತಾಯಿಗೆ ಗೊತ್ತಿತ್ತು.

ರಾಜರತ್ನ ಹೋದದ್ದು 1926ರ ಜುಲೈ ತಿಂಗಳಲ್ಲಿ. ಮುಂದಿನ ತಿಂಗಳು ಬಾಬಾಸಾಹೇಬರು ತಮ್ಮ ಸ್ನೇಹಿತ ದತ್ತೋಬಾ ಪವಾರ್ ಅವರಿಗೆ ಪತ್ರ ಬರೆದರು. ಅದರಲ್ಲಿ ತಮ್ಮ ದುಃಖವನ್ನು ಮುಚ್ಚಿಡಲಿಲ್ಲ. ನಾಲ್ಕು ಮಕ್ಕಳನ್ನು ಮಣ್ಣು ಮಾಡಿದ್ದನ್ನು ಬರೆದರು, ಗಂಡ ಹೆಂಡತಿ ಇಬ್ಬರೂ ಕುಸಿದಿದ್ದನ್ನು ಬರೆದರು. ಅಷ್ಟು ದೊಡ್ಡ ವಿದ್ವಾಂಸರು, ಬ್ಯಾರಿಸ್ಟರು, ಗೆಳೆಯನ ಮುಂದೆ ಅತ್ತ ಹಾಗೆ ಬರೆದರು.

ಅಣ್ಣತಮ್ಮಂದಿರೇ, ಇದು ನಿಮಗೆ. ಗಂಡಸರು ಅಳಬಾರದು ಅಂತ ನಿಮಗೆ ಕಲಿಸಿದ್ದಾರೆ. ಹೆಂಡತಿಯ ಬಸಿರು ಹೋದಾಗ ನೀವು ಹೊಲಕ್ಕೆ ಹೋಗಿಬಿಡುತ್ತೀರಿ, ಪುಣೆಯ ಕೆಲಸಕ್ಕೆ ಹೋಗಿಬಿಡುತ್ತೀರಿ, ಕೆಲವರು ಬಾಟಲಿಯ ಕಡೆ ಹೋಗುತ್ತೀರಿ. ಮನೆಯೊಳಗೆ ಅವಳು, ನನ್ನ ಗಂಡಗ ಏನೂ ಅನಿಸಿಲ್ಲ ಅಂದುಕೊಂಡು ಇನ್ನೊಂದು ಸಲ ಒಡೆದುಹೋಗುತ್ತಾಳೆ. ಅವಳ ಪಕ್ಕ ಕೂತು, ನನಗೂ ನೋವಾಗ್ಯದ ಅಂತ ಒಂದು ಮಾತು ಅನ್ನಿ. ಬಾಬಾಸಾಹೇಬರ ದಾರಿಯಲ್ಲಿ ನಡೆಯುವವರಿಗೆ ಇದು ಸಣ್ಣತನ ಅಲ್ಲ.

ಆ ಪತ್ರ ಬರೆದು ಏಳು ತಿಂಗಳಾಗಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಮುಟ್ಟಿದರು. 1928ರ ಜುಲೈನಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಎದ್ದು ನಿಂತು ಬೆಂಬಲಿಸಿದರು. ಹೆರಿಗೆಯ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ದೇಶದ ಹಿತ ಅಂತ ವಾದಿಸಿದರು. ಮುಂದಿನ ವರ್ಷ ಅದು ಕಾಯ್ದೆಯಾಯಿತು. ದುಃಖ ಮರೆತು ಇದನ್ನೆಲ್ಲ ಮಾಡಿದರು ಅಂತ ನಾನು ಹೇಳುವುದಿಲ್ಲ. ದುಃಖ ಇಟ್ಟುಕೊಂಡೇ ಮಾಡಿದರು ಅಂತ ನನಗೆ ಅನಿಸುತ್ತದೆ.

*5. ಕುಬುಸದ ಮನೆಯ ಹೊಸ್ತಿಲು*

ಮಹಾಡದ ಮಾತು ಬಂದದ್ದರಿಂದ ಒಂದು ಕಟು ಮಾತು ಆಡಲೇಬೇಕು. ನಮ್ಮಲ್ಲಿ ಬಸುರಿಗೆ ಕುಬುಸ ಮಾಡುತ್ತೇವೆ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು. ಒಳ್ಳೆಯ ಸಂತೋಷ. ಆದರೆ ಗರ್ಭ ಹೋದ ಹೆಣ್ಣುಮಗಳನ್ನು ಆ ಮನೆಗೆ ಕರೆಯುವುದಿಲ್ಲ. ಕರೆದರೂ ಉಡಿ ತುಂಬಲು ಕೊಡುವುದಿಲ್ಲ. ಅವಳ ನೆರಳು, ಅವಳ ಕಣ್ಣು ಬಸುರಿಯ ಮೇಲೆ ಬೀಳಬಾರದು ಅನ್ನುತ್ತಾರೆ.

ನೆರಳು ಬೀಳಬಾರದು. ಈ ಮಾತನ್ನು ನಾವು ಎಲ್ಲಿ ಕೇಳಿದ್ದೇವೆ? ಯಾರಿಗೆ ಯಾರು ಆಡಿದ ಮಾತು ಇದು? ಕೆರೆಯ ನೀರಿನಿಂದ ನಮ್ಮನ್ನು ದೂರ ಇಟ್ಟವರ ಬಾಯಿಯ ಮಾತು ಇದು. ಅದೇ ಮಾತಿನಿಂದ ನಮ್ಮ ಮನೆಯ ಮಗಳನ್ನು ನಾವು ದೂರ ಇಡುತ್ತಿದ್ದೇವೆ. ಅವಳೂ ಅಸ್ಪೃಶ್ಯತೆಯನ್ನೇ ಅನುಭವಿಸುತ್ತಿದ್ದಾಳೆ, ಅದೂ ನಮ್ಮ ಕೈಯಿಂದ.

ಬುದ್ಧರು ಬಾಣದ ಉಪಮೆ ಹೇಳಿದ್ದಾರೆ. ಮೊದಲ ಬಾಣ ದೇಹಕ್ಕೆ ತಾಗುವ ನೋವು. ಎರಡನೆಯ ಬಾಣ ಮನಸ್ಸು ಅದರ ಮೇಲೆ ಹೊಡೆದುಕೊಳ್ಳುವ ನೋವು. ನಮ್ಮ ಓಣಿಯಲ್ಲಿ ಆ ಎರಡನೆಯ ಬಾಣವನ್ನು ಅವಳು ಹೊಡೆದುಕೊಳ್ಳುವುದಕ್ಕಿಂತ ಮೊದಲು ನಾವೇ ಹೊಡೆದಿರುತ್ತೇವೆ. ಮೊದಲ ಬಾಣ ನಮ್ಮ ಕೈಯಲ್ಲಿಲ್ಲ. ಎರಡನೆಯದು ನಮ್ಮ ಕೈಯಲ್ಲೇ ಇದೆ, ಕೆಳಗೆ ಇಡಬಹುದು.

ಇನ್ನು ಕೆಲವರು ಗಾಣಗಾಪುರಕ್ಕೋ ದರ್ಗಾಕ್ಕೋ ಹರಕೆ ಹೊರುತ್ತಾರೆ, ತಾಯಿತ ಕಟ್ಟಿಸುತ್ತಾರೆ. ಯಾರ ನಂಬಿಕೆಯನ್ನೂ ಹೀಯಾಳಿಸುವುದು ನನ್ನ ಕೆಲಸ ಅಲ್ಲ. ಆದರೆ 22 ಪ್ರತಿಜ್ಞೆ ತೆಗೆದುಕೊಂಡವರ ಮನೆಯಲ್ಲಿ ಸೊಸೆಯ ಮೈಮೇಲೆ ಗಾಳಿ ಇದೆ ಅಂತ ಅವಳನ್ನು ಎಳೆದುಕೊಂಡು ಹೋಗುವುದು, ಹೊಡೆಸುವುದು, ಉಪವಾಸ ಕೆಡವುವುದು ಸಲ್ಲದು. ಆ ಬಸ್ಸಿನ ಖರ್ಚಿನಲ್ಲಿ ಅವಳಿಗೆ ರಕ್ತ ಪರೀಕ್ಷೆ ಮಾಡಿಸಬಹುದು.

*6. ಆರು ವಾರ ನಮ್ಮದು*

ಹೆರಿಗೆ ಸೌಲಭ್ಯದ ಕಾನೂನಿನಲ್ಲಿ ಗರ್ಭಸ್ರಾವ ಆದವಳಿಗೆ ಸಂಬಳ ಸಹಿತ ಆರು ವಾರ ರಜೆ ಇದೆ. ನೌಕರಿ ಮಾಡುವ ನಮ್ಮ ಹೆಣ್ಣುಮಕ್ಕಳು ಇದನ್ನು ತಿಳಿದಿರಿ, ವೈದ್ಯರ ಪತ್ರ ಕೊಟ್ಟು ಕೇಳಿರಿ. ಆದರೆ ಹತ್ತಿ ಬಿಡಿಸುವವಳಿಗೆ, ಕಬ್ಬು ಕಡಿಯಲು ಗುಂಪು ಕಟ್ಟಿಕೊಂಡು ಹೋದವಳಿಗೆ, ತೊಗರಿ ಕೊಯ್ಲಿನ ಕೂಲಿಯವಳಿಗೆ ಆ ಆರು ವಾರ ಕೊಡುವವರು ಯಾರು? ಅದನ್ನು ಕೊಡಬೇಕಾದವರು ನಾವು.

ಹೊಟ್ಟೆ ಕೆಟ್ಟು ತನ್ನದೇ ಹೊಲಸಿನಲ್ಲಿ ಬಿದ್ದಿದ್ದ ಒಬ್ಬ ಭಿಕ್ಖುವನ್ನು ಬುದ್ಧರು ಕಂಡ ಕಥೆ ವಿನಯದಲ್ಲಿದೆ, ಬಾಬಾಸಾಹೇಬರ ಗ್ರಂಥದಲ್ಲೂ ಇದೆ. ಬುದ್ಧರೇ ನೀರು ಹಾಕಿದರು, ಆನಂದ ತೊಳೆದರು, ಇಬ್ಬರೂ ಎತ್ತಿ ಹಾಸಿಗೆಯ ಮೇಲೆ ಮಲಗಿಸಿದರು. ರೋಗಿಯ ಸೇವೆ ಮಾಡಿದರೆ ನನ್ನ ಸೇವೆ ಮಾಡಿದ ಹಾಗೆ ಅನ್ನುವ ಅರ್ಥದಲ್ಲಿ ಸಂಘಕ್ಕೆ ಬುದ್ಧಿ ಹೇಳಿದರು. ಬುದ್ಧರ ಕೈಗೆ ಯಾವ ಮೈಲಿಗೆಯೂ ಅಂಟಲಿಲ್ಲ. ಹಾಗಿದ್ದ ಮೇಲೆ ಗರ್ಭ ಹೋದವಳ ರಕ್ತ ಮೈಲಿಗೆ ಅಂತ ಅವಳನ್ನು ಹಿತ್ತಲಲ್ಲಿ ಕೂಡಿಸುವ ನಾವು ಯಾರ ಅನುಯಾಯಿಗಳು?

ಆದ್ದರಿಂದ ಓಣಿಯ ನಾಲ್ಕು ಮನೆಯವರು ಕೂಡಿ ಸರದಿ ಹಾಕಿಕೊಳ್ಳಿ. ಒಬ್ಬರು ಅವಳ ನೀರು ತುಂಬಲಿ. ಒಬ್ಬರು ರೊಟ್ಟಿ ಬಡಿಯಲಿ, ಬ್ಯಾಳಿ, ಸೊಪ್ಪು, ತತ್ತಿ ಕೊಟ್ಟು ಬರಲಿ. ಒಬ್ಬರು ಆಸ್ಪತ್ರೆಗೆ ಜೊತೆ ಹೋಗಲಿ. ಒಬ್ಬರು ಸುಮ್ಮನೆ ಪಕ್ಕ ಕೂಡಲಿ. ಆರು ವಾರ ಅವಳು ಭಾರ ಎತ್ತುವುದು ಬೇಡ, ಕೂಲಿಗೆ ಹೋಗುವುದು ಬೇಡ.

ಇಷ್ಟು ವಿಷಯ ಎಲ್ಲರೂ ನೆನಪಿಡಿ:

▪️ ರಕ್ತಸ್ರಾವ ಒಂದೆರಡು ವಾರ ಇರಬಹುದು, ದಿನ ಹೋದಂತೆ ಕಡಿಮೆ ಆಗಬೇಕು. ಒಂದು ಗಂಟೆಗೆ ಎರಡು ಪ್ಯಾಡು ತೊಯ್ಯುವಷ್ಟು ಹೋಗುತ್ತಿದ್ದರೆ, ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ, ತಡೆಯಲಾರದ ಹೊಟ್ಟೆ ನೋವಿದ್ದರೆ, ತಲೆ ಸುತ್ತಿ ಬಿದ್ದರೆ ತಡಮಾಡಬೇಡಿ. 108ಕ್ಕೆ ಫೋನ್ ಮಾಡಿ, ತಾಲೂಕು ಆಸ್ಪತ್ರೆಗೆ ಕರೆದೊಯ್ಯಿರಿ.

▪️ ಅವಳ ರಕ್ತದ ಗುಂಪು ನೆಗೆಟಿವ್ ಇದ್ದರೆ ವೈದ್ಯರಿಗೆ ಕೂಡಲೇ ಹೇಳಿ. ಮುಂದಿನ ಬಸಿರಿಗೆ ತೊಂದರೆ ಆಗದಂತೆ ಒಂದು ಇಂಜೆಕ್ಷನ್ ಬೇಕಾಗಬಹುದು.

▪️ ಮುಟ್ಟು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರದಲ್ಲಿ ಬರುತ್ತದೆ. ಅದಕ್ಕೂ ಮೊದಲೇ ಮತ್ತೆ ಬಸಿರು ನಿಲ್ಲಬಹುದು. ಬೇಗ ಇನ್ನೊಂದು ಆಗಲಿ ಅಂತ ಅತ್ತೆ ಮಾವ ಅವಸರ ಮಾಡಬಾರದು. ಯಾವಾಗ ಅನ್ನುವುದನ್ನು ಅವಳು, ಅವಳ ಗಂಡ, ವೈದ್ಯರು ಕೂಡಿ ತೀರ್ಮಾನಿಸಲಿ.

▪️ ಎರಡು ಮೂರು ಸಲ ಹೀಗಾದರೆ ಗಂಡ ಹೆಂಡತಿ ಇಬ್ಬರೂ ತಪಾಸಣೆ ಮಾಡಿಸಬೇಕು. ಪ್ರಶ್ನೆ ಕೇಳಿದ ತಂಗೀ, ನೀವಿಬ್ಬರೂ ಕಲಬುರಗಿಯ ಜಿಲ್ಲಾ ಆಸ್ಪತ್ರೆಗೆ ಹೋಗಿ. ಹಳೆಯ ಚೀಟಿ, ಸ್ಕ್ಯಾನಿಂಗ್ ಕಾಗದ ಎಲ್ಲ ಒಯ್ಯಿರಿ. ನಾಲ್ಕನೇ ತಿಂಗಳಿಗೆ ಹೋದದ್ದನ್ನು ಮರೆಯದೆ ಹೇಳು.

▪️ ಯಾರಾದರೂ ಅವಸರದಿಂದ ಗರ್ಭಕೋಶವನ್ನೇ ತೆಗೆಸಿಬಿಡಿ ಅಂದರೆ ಒಪ್ಪಬೇಡಿ, ಇನ್ನೊಬ್ಬ ವೈದ್ಯರನ್ನು ಕೇಳಿ. ನಮ್ಮ ಜಿಲ್ಲೆಯ ತಾಂಡಾ ಮತ್ತು ಕೇರಿಗಳ ಬಡ ಹೆಣ್ಣುಮಕ್ಕಳಿಗೆ ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ಆದದ್ದರ ವಿರುದ್ಧ ಹೋರಾಟವೇ ನಡೆದಿದೆ. ಆ ಪಾಠ ಮರೆಯಬಾರದು.

▪️ ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಬದುಕೇ ಬೇಡ ಅನಿಸುತ್ತದೆ ಅಂದರೆ ಅದು ನಾಟಕ ಅಲ್ಲ. ಅವಳನ್ನು ಒಬ್ಬಳೇ ಬಿಡಬೇಡಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಟೆಲಿ ಮಾನಸ್ ಸೇವೆಯಲ್ಲಿ ಉಚಿತವಾಗಿ ಮಾತಾಡಬಹುದು.

ಒಂದು ಸಲ ಗರ್ಭ ಹೋದವರಲ್ಲಿ ಹೆಚ್ಚಿನವರಿಗೆ ಮುಂದೆ ಆರೋಗ್ಯವಂತ ಮಕ್ಕಳು ಆಗುತ್ತವೆ. ಇದು ಧೈರ್ಯಕ್ಕೆ ಹೇಳುವ ಸುಳ್ಳಲ್ಲ, ವೈದ್ಯರು ಕಂಡ ಸತ್ಯ. ಆದರೆ ಮುಂದಿನದು ಆಗುತ್ತದಲ್ಲ ಅಂತ ಹೋದದ್ದನ್ನು ಅಳಿಸಿಹಾಕಬೇಡಿ. ಮಕ್ಕಳು ಆಗಲಿ ಆಗದಿರಲಿ, ಹೆಣ್ಣುಮಗಳ ಬೆಲೆ ಅವಳ ಮಡಿಲಿನಿಂದ ಅಳೆಯುವಂಥದ್ದಲ್ಲ. ಮಗುವಿಲ್ಲ ಅಂತ ಇನ್ನೊಂದು ಮದುವೆಯ ಮಾತು ಎತ್ತುವವರಿಗೆ ನಮ್ಮ ವಂದನೆಯ ಸಾಲಿನಲ್ಲಿ ಕೂತು ಪಂಚಶೀಲ ಹೇಳುವ ನೈತಿಕತೆ ಇರುವುದಿಲ್ಲ.

*7. ದುಃಖಕ್ಕೆ ಒಂದು ಜಾಗ*

ಕೆಲವರು ಕೇಳುತ್ತಾರೆ, ಇದಕ್ಕೆ ನಮ್ಮಲ್ಲಿ ವಿಧಿ ಏನು ಅಂತ. ಶ್ರಾದ್ಧ, ಪಿಂಡದಾನ ನಾವು ಮಾಡುವುದಿಲ್ಲ ಅಂತ ಪ್ರತಿಜ್ಞೆ ಮಾಡಿದ್ದೇವೆ. ಹಾಗಂತ ದುಃಖಕ್ಕೆ ಜಾಗವೇ ಇಲ್ಲ ಅಂತ ಅಲ್ಲ. ಮನಸ್ಸಿದ್ದವರು ಹೀಗೆ ಮಾಡಬಹುದು. ಒಂದು ಸಂಜೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೋದ ಮುಂದೆ ಒಂದು ಮೇಣದಬತ್ತಿ ಹಚ್ಚಿ, ಗಂಡ ಹೆಂಡತಿ ಜೊತೆಗೆ ಕೂತು, ತ್ರಿಶರಣ ಪಂಚಶೀಲ ಹೇಳಿ. ಮನಸ್ಸಿನಲ್ಲಿ ಒಂದು ಹೆಸರು ಇಟ್ಟುಕೊಂಡಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಅಳು ಬಂದರೆ ಅಳಿರಿ. ಆಮೇಲೆ ಊರಿನ ಅಂಗನವಾಡಿಯ ಮಕ್ಕಳಿಗೆ ಹಣ್ಣೋ ಬಳಪವೋ, ಕೈಲಾದಷ್ಟು ದಾನ ಮಾಡಿ ಪುಣ್ಯಾನುಮೋದನೆ ಮಾಡಿ. ದೇವರನ್ನು ಒಲಿಸಲಿಕ್ಕೆ ಇದನ್ನು ಮಾಡುವುದಲ್ಲ. ನಮ್ಮ ಪ್ರೀತಿಗೆ ಹೋಗಲು ಒಂದು ದಾರಿ ಬೇಕು, ಅದಕ್ಕೆ.

ಮಲಗುವ ಮುಂಚೆ ಹತ್ತು ನಿಮಿಷ ಮೈತ್ರಿ ಭಾವನೆ ಮಾಡಿ. ತಂಗೀ, ನಾವು ಯಾವಾಗಲೂ ಮೈತ್ರಿಯನ್ನು ಬೇರೆಯವರಿಂದ ಶುರು ಮಾಡುತ್ತೇವೆ. ನೀನು ನಿನ್ನಿಂದ ಶುರು ಮಾಡು. ಎದೆಯ ಮೇಲೆ ಕೈ ಇಟ್ಟು, ಈ ನನ್ನ ದೇಹ ನನಗೆ ಮೋಸ ಮಾಡಿಲ್ಲ, ಇದು ದಣಿದಿದೆ, ಇದಕ್ಕೆ ಸುಖವಾಗಲಿ, ನನಗೆ ಭಯ ಇಲ್ಲದಿರಲಿ ಅಂತ ನಿನ್ನ ಮಾತಿನಲ್ಲೇ ಹೇಳಿಕೋ. ಆಮೇಲೆ ಗಂಡನಿಗೆ. ಆಮೇಲೆ ಆ ಮಾತು ಆಡಿದ ಮನೆಯವರಿಗೆ, ನಿನಗೆ ಸಾಧ್ಯ ಆದ ದಿನ. ಆಗದಿದ್ದರೆ ಬಿಡು, ಅವಸರ ಇಲ್ಲ.

*ಇಂದಿನ ಸಂಕಲ್ಪ*

▪️ ಗರ್ಭ ಹೋದವಳಿಗೆ ಪಾಪ, ಕರ್ಮ, ನೆರಳು, ಮೈಲಿಗೆ ಅನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ, ನನ್ನ ಮುಂದೆ ಆಡಲೂ ಬಿಡುವುದಿಲ್ಲ.

▪️ ನಮ್ಮ ಮನೆಯ ಮುಂದಿನ ಕುಬುಸಕ್ಕೆ ಅಂಥ ಒಬ್ಬ ಅಕ್ಕನನ್ನೋ ತಂಗಿಯನ್ನೋ ಮೊದಲು ಕರೆಯುತ್ತೇನೆ, ಅವಳ ಕೈಯಿಂದ ಉಡಿ ತುಂಬಿಸುತ್ತೇನೆ.

▪️ ನನ್ನ ಮನೆಯಲ್ಲೂ ಆಗಿತ್ತು ಅಂತ ಹೇಳುವ ಧೈರ್ಯ ಇದ್ದರೆ, ಇವತ್ತು ಒಬ್ಬಳಿಗೆ ಹೇಳುತ್ತೇನೆ.

ಇದನ್ನು ಅತ್ತೆಯಂದಿರ ಗುಂಪಿಗೂ ಕಳಿಸಿ, ಗಂಡಸರ ಗುಂಪಿಗೂ ಕಳಿಸಿ. ಓದು ಬಾರದವರಿಗೆ ಗಟ್ಟಿಯಾಗಿ ಓದಿ ಹೇಳಿ.

ಸಬ್ಬೇ ಸತ್ತಾ ಸುಖಿ ಹೊಂತು.
ಭವತು ಸಬ್ಬ ಮಂಗಲಂ.
ಸಾಧು! ಸಾಧು! ಸಾಧು!

ಜೈ ಭೀಮ್!